‘ಅಷ್ಟೇ’ ಎಂದು ಹೇಳಿದ ದಿನ

ಪ್ರಶ್ನೆ: ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಗುಡ್ಡೆಯ ಬುಡದಲ್ಲಿ ನನ್ನ ಪಾಲಿಗೆ ಬಂದ 80 ಸೆಂಟ್ಸ್ ಜಾಗ ಉಂಟು, ಅಡಿಕೆ ತೋಟ ಮತ್ತು ಹಳೇ ಮನೆ. ನಾವು ಈಗ ಪೇಟೆಯಲ್ಲಿದ್ದೇವೆ, ಜಾಗ ಮಾರುತ್ತಿದ್ದೇನೆ. ಕೊಳ್ಳುವವರು ಕಾಞಂಗಾಡು ಕಡೆಯವರು, ಗಲ್ಫಿನಲ್ಲಿ ದುಡಿದು ಬಂದವರು. ಅಕ್ಟೋಬರಿನಲ್ಲಿ ಜಾಗ ನೋಡಲು ಬಂದಾಗ ನೀರಿಗಾಗಿ ಗುಡ್ಡೆಗೆ ಕೊರೆದ ಸುರಂಗದಿಂದ ನೀರು ಚೆನ್ನಾಗಿ ಬೀಳುತ್ತಿತ್ತು. ‘ಹಾಗಾದರೆ ನೀರಿಗೆ ಏನೂ ತೊಂದರೆ ಇಲ್ಲ’ ಎಂದು ಅವರೇ ಹೇಳಿಕೊಂಡರು. ನಾನು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ, ಸುಮ್ಮನೆ ನಕ್ಕೆ. ನಿಜ ಏನೆಂದರೆ, ಮಾರ್ಚ್ ಕೊನೆಗೆ ಸುರಂಗ ಬತ್ತುತ್ತದೆ, ಆಮೇಲೆ ಮಳೆ ಹಿಡಿಯುವವರೆಗೆ ಟ್ಯಾಂಕರ್ ನೀರು. ಎಡ್ವಾನ್ಸ್ ಕೈಸೇರಿದೆ, ಜನವರಿಯಲ್ಲಿ ಆಧಾರ (ನೋಂದಣಿಯ ಕ್ರಯಪತ್ರ). ಹಣ ಬೇಕಾಗಿರುವುದು ಅಮ್ಮನ ಚಿಕಿತ್ಸೆಗೆ. ಮಂಗಳೂರಿನಲ್ಲಿ ಬಯಾಪ್ಸಿ ಮಾಡಿಸಿದಾಗ ಕ್ಯಾನ್ಸರ್ ಎಂದು ಗೊತ್ತಾಯಿತು. ಅಮ್ಮನಿಗೆ ನೋವಾಗಬಾರದೆಂದು ಗ್ಯಾಸ್ಟ್ರಿಕ್ ಎಂದಿದ್ದೇವೆ. ಜಾಗದ ವಿಷಯದಲ್ಲಿ ನಾನು ಮಾಡಿದ್ದು ಸುಳ್ಳೇ ಎನ್ನುತ್ತಾಳೆ ನನ್ನ ಹೆಂಡತಿ. ನಾನು ಒಂದೇ ಒಂದು ಸುಳ್ಳು ಮಾತು ಆಡಿಲ್ಲ. ಕೇಳದ್ದನ್ನು ಹೇಳದೆ ಇರುವುದೂ ಸುಳ್ಳಾಗುತ್ತದೆಯೇ?

ಉತ್ತರ: ನಿಮ್ಮ ಪತ್ರ ಎರಡು ಸಲ ಓದಿದೆ. ಮೊದಲ ಸಲ ಕಣ್ಣು ನಿಂತದ್ದು ‘ಸುಮ್ಮನೆ ನಕ್ಕೆ’ ಎಂಬಲ್ಲಿ. ಎರಡನೇ ಸಲ ‘ಗ್ಯಾಸ್ಟ್ರಿಕ್’ ಎಂಬಲ್ಲಿ. ನಿಮಗೆ ಸಂಶಯ ಬಂದಿರುವುದು ಮೊದಲನೆಯದರ ಬಗ್ಗೆ ಮಾತ್ರ, ಎರಡನೆಯದರ ಬಗ್ಗೆ ನೀವು ಏನೂ ಕೇಳಿಲ್ಲ. ಆದರೂ ಎರಡರ ಬಗ್ಗೆಯೂ ಹೇಳಬೇಕಾಗಿದೆ, ಬೇಸರಪಡಬೇಡಿ.

ಕಾಸರಗೋಡಿನ ಕೋರ್ಟುಗಳಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಜಾಗದ ವ್ಯಾಜ್ಯಗಳನ್ನೇ ನೋಡಿಕೊಂಡು ಬಂದವಳು ನಾನು. ಹಾಗಾಗಿ ಕಾನೂನಿನಿಂದ ಸುರು ಮಾಡುತ್ತೇನೆ. ನಿಮ್ಮ ಪ್ರಶ್ನೆಯನ್ನು 1872ರಲ್ಲಿಯೇ ಒಬ್ಬರು ಕೇಳಿಕೊಂಡ ಹಾಗೆ ಭಾರತೀಯ ಕರಾರು ಕಾಯಿದೆಯ 17ನೇ ಸೆಕ್ಷನಿನಲ್ಲಿ ಒಂದು ಕುದುರೆಯ ಉದಾಹರಣೆ ಉಂಟು. ಒಬ್ಬ ಹರಾಜಿನಲ್ಲಿ ಕುದುರೆ ಮಾರುತ್ತಾನೆ. ಕುದುರೆಗೆ ಊನ ಇರುವುದು ಅವನಿಗೆ ಗೊತ್ತು, ಆದರೆ ಬಾಯಿ ಬಿಡುವುದಿಲ್ಲ. ಇದು ವಂಚನೆಯಲ್ಲ ಎನ್ನುತ್ತದೆ ಕಾಯಿದೆ. ಸುಮ್ಮನಿರುವುದಷ್ಟೇ ಮೋಸವಾಗುವುದಿಲ್ಲ. ಇಲ್ಲಿಯವರೆಗೆ ನಿಮ್ಮ ಪಕ್ಷವೇ.

ಆದರೆ ಉದಾಹರಣೆ ಅಲ್ಲಿಗೆ ನಿಲ್ಲುವುದಿಲ್ಲ. ಅದೇ ಕುದುರೆ, ಕೊಳ್ಳುವವಳು ಆಗಷ್ಟೇ ಪ್ರಾಯಕ್ಕೆ ಬಂದ ಅವನ ಮಗಳು. ಈಗ ಹೇಳಲೇಬೇಕು, ಸಂಬಂಧವೇ ಆ ಹೊಣೆ ಹೊರಿಸುತ್ತದೆ. ಇನ್ನೊಂದು ಸಂದರ್ಭ: ಕೊಳ್ಳುವವನು ಹೇಳುತ್ತಾನೆ, ‘ನೀನು ಅಲ್ಲ ಅನ್ನದಿದ್ದರೆ ಕುದುರೆ ಸರಿಯಾಗಿದೆ ಎಂದೇ ತಿಳಿಯುತ್ತೇನೆ.’ ಮಾರುವವನು ಸುಮ್ಮನಿರುತ್ತಾನೆ. ಇಲ್ಲಿ ಮೌನ ಎಂದರೆ ಮಾತೇ. ಅವನು ‘ಸರಿಯಾಗಿದೆ’ ಎಂದು ಹೇಳಿದ ಹಾಗೆಯೇ ಲೆಕ್ಕ.

‘ಹಾಗಾದರೆ ನೀರಿಗೆ ಏನೂ ತೊಂದರೆ ಇಲ್ಲ’ ಎಂದು ಕಾಞಂಗಾಡಿನವರು ಸುರಂಗದ ಬಾಯಲ್ಲಿ ನಿಂತು ಹೇಳಿದ್ದು ಆ ಮೂರನೇ ಕುದುರೆಯ ಮಾತೇ. ನಿಮ್ಮ ನಗುವೇ ಉತ್ತರವಾಯಿತು.

ಜಾಗಕ್ಕೆ ಇನ್ನೂ ಬಿಗಿಯಾದ ನಿಯಮ ಉಂಟು. 1882ರ ಆಸ್ತಿ ವರ್ಗಾವಣೆ ಕಾಯಿದೆಯ 55ನೇ ಸೆಕ್ಷನಿನ ಪ್ರಕಾರ, ಮಾರುವವರಿಗೆ ಗೊತ್ತಿದ್ದು, ಕೊಳ್ಳುವವರಿಗೆ ಗೊತ್ತಿಲ್ಲದೆ, ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಅವರ ಗಮನಕ್ಕೆ ಬಾರದಂಥ ಮುಖ್ಯ ದೋಷ ಜಾಗದಲ್ಲಿ ಇದ್ದರೆ, ಅದನ್ನು ಕೇಳದೆಯೇ ಹೇಳಬೇಕು. ಹೇಳದಿದ್ದರೆ ಅದು ವಂಚನೆ ಎಂದು ಆ ಸೆಕ್ಷನಿನ ಕೊನೆಯಲ್ಲೇ ಬರೆದಿದೆ.

ನೀವು ನನ್ನ ಕಕ್ಷಿಯಾಗಿ ಬಂದಿದ್ದರೆ ವಾದಕ್ಕೆ ಒಂದು ದಾರಿ ಇಲ್ಲದಿಲ್ಲ. ಕರಾರು ಕಾಯಿದೆಯ 19ನೇ ಸೆಕ್ಷನಿನಲ್ಲಿ ಒಂದು ಅಪವಾದ ಉಂಟು: ಸಾಧಾರಣ ಶ್ರದ್ಧೆ ವಹಿಸಿದ್ದರೆ ಸತ್ಯ ತಿಳಿಯುವ ದಾರಿ ಇತ್ತು ಎಂದಾದರೆ, ಎದುರಿನವರ ಮೌನದ ನೆಪದಲ್ಲಿ ಕರಾರು ಮುರಿಯಲಾಗದು. ‘ನೆರೆಮನೆಯವರನ್ನು ಒಂದು ಮಾತು ಕೇಳಬಹುದಿತ್ತಲ್ಲ’ ಎಂದು ನಾನು ವಾದಿಸಬಹುದು. ಗೆದ್ದರೂ ಗೆಲ್ಲಬಹುದು. ಆದರೆ ನೀವು ಕೇಳಿರುವುದು ಕೇಸು ಗೆಲ್ಲುತ್ತೇವೆಯೇ ಎಂದಲ್ಲ, ಇದು ಸುಳ್ಳೇ ಎಂದು. ಹೌದು, ಇದು ಸುಳ್ಳು. ನಿಮ್ಮ ಹೆಂಡತಿ ಹೇಳಿದ್ದು ಸರಿ.

ಯಾಕೆ ಎಂದು ಸುರಂಗದ ಹತ್ತಿರವೇ ನಿಂತು ನೋಡೋಣ. ಸುರಂಗವಿದ್ದ ಮನೆಯಲ್ಲಿ ಹುಟ್ಟಿ ಬೆಳೆದವಳು ನಾನು. ಮುರಕಲ್ಲಿನ ಗುಡ್ಡೆಗೆ ಅಡ್ಡಕ್ಕೆ ಕೊರೆದ, ಒಬ್ಬ ಬಗ್ಗಿ ನಡೆಯುವಷ್ಟು ಎತ್ತರದ ಮಾಟೆ. ಒಳಗೆ ಹೋದರೆ ತಣ್ಣಗೆ, ಮಣ್ಣಿನ ವಾಸನೆ, ಗೋಡೆಯಲ್ಲಿ ಬೆವರಿನ ಹಾಗೆ ನೀರು. ಆ ಬೆವರೆಲ್ಲ ನೆಲದ ಸಣ್ಣ ಕಾಲುವೆಗೆ ಕೂಡಿ, ಅಡಿಕೆ ಮರದ ದಂಬೆಯಲ್ಲಿ ಹರಿದು, ಹೊರಗಿನ ಟಾಂಕಿಗೆ ಬೀಳುತ್ತದೆ. ಈಗ ದಂಬೆಯ ಬದಲು ಪೈಪು. ಅಕ್ಟೋಬರಿನಲ್ಲಿ ಮಣಿಕಟ್ಟಿನಷ್ಟು ದಪ್ಪದ ನೀರು. ಹೊಸಬರು ನೋಡಿದರೆ ಬೆಟ್ಟದೊಳಗೆ ಹೊಳೆಯೇ ಉಂಟೆಂದುಕೊಳ್ಳುತ್ತಾರೆ. ನಮ್ಮ ಜಿಲ್ಲೆಗೆ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ, ಅದರಲ್ಲಿ ಹೆಚ್ಚಿನದ್ದು ಜೂನಿನಿಂದ ಸಪ್ಟೆಂಬರದ ಒಳಗೆ ಸುರಿದು ಮುಗಿಯುತ್ತದೆ. ಅಡಿಕೆಗೆ ನೀರು ಬೇಕಾಗುವುದು ಅದರ ಆಚೆ, ಡಿಸೆಂಬರಿನಿಂದ ಮೇ ತಿಂಗಳವರೆಗೆ. ಹಾಗಾಗಿ ಅಕ್ಟೋಬರಿನ ಸುರಂಗ ನೋಡಿ ತೋಟದ ಬೆಲೆ ಕಟ್ಟಿದರೆ ಲೆಕ್ಕ ತಪ್ಪುತ್ತದೆ. ಇದು ನಿಮಗೆ ಚೆನ್ನಾಗಿ ಗೊತ್ತು. ಅಕ್ಟೋಬರಿನಲ್ಲಿ ನಿಂತು ಏಪ್ರಿಲನ್ನು ನೋಡಲು ಅವರಿಂದಾಗದು.

ಈ ವ್ಯತ್ಯಾಸವೇ ಮುಖ್ಯ. ಅಡಿಕೆ ಮಾರಲು ಹೋದವ ಗೋಣಿಯ ಮೇಲೆ ಒಳ್ಳೆಯ ಚಾಲಿ ಹರಡಿ, ಪಟೋರ, ಕರಿಗೋಟಿನಂಥ ಕಳಪೆ ಅಡಿಕೆಯನ್ನು ಬುಡಕ್ಕೆ ಹಾಕಿದ ಎನ್ನಿ. ಅದು ಒಳ್ಳೆಯ ಕೆಲಸವೇನೂ ಅಲ್ಲ, ಆದರೆ ಅಂಗಡಿಯವ ಅದನ್ನು ನಿರೀಕ್ಷಿಸಿಯೇ ಬುಡಕ್ಕೆ ಕೈ ಹಾಕುತ್ತಾನೆ, ಬೇಕಾದರೆ ಗೋಣಿಯನ್ನೇ ಸುರಿಸುತ್ತಾನೆ. ಅವನಿಗೂ ಗೊತ್ತು, ಇವನಿಗೂ ಗೊತ್ತು. ನಿಮ್ಮ ಸುರಂಗದ ಬುಡಕ್ಕೆ ಆ ಮನುಷ್ಯ ಕೈ ಹಾಕುವ ಹಾಗಿಲ್ಲ. ಅವರ ಕಣ್ಣೆದುರು ಒಂದು ತಪ್ಪು ನಂಬಿಕೆ ಹುಟ್ಟಿತು, ಅದರ ಮೇಲೆ ಅವರು ಲಕ್ಷಗಟ್ಟಲೆ ಹಣ ಇಡಲು ಹೊರಟರು, ನೀವು ಅದನ್ನು ನೋಡಿದಿರಿ, ನಿಮ್ಮ ಒಂದು ಮಾತಿನಿಂದ ಅದು ಸರಿಹೋಗುತ್ತಿತ್ತು, ನೀವು ಆಡಲಿಲ್ಲ. ಮೌನ ಸುಳ್ಳಾಗುವುದು ಅಲ್ಲಿ. ನಿಮ್ಮ ಬಾಯಿಂದ ಏನು ಬಂತು ಎಂಬುದಕ್ಕಿಂತ, ಅವರು ಯಾವುದನ್ನು ನಂಬಿ ಹೆಜ್ಜೆ ಇಡುತ್ತಿದ್ದಾರೆ, ಆ ನಂಬಿಕೆ ನಿಮ್ಮ ಮೌನದಿಂದ ನಿಂತಿದೆಯೇ ಎಂಬುದನ್ನು ನೋಡಬೇಕು.

ಹಾಗೆಂದು ಎಲ್ಲವನ್ನೂ ಎಲ್ಲರಿಗೂ ಹೇಳಬೇಕೆಂದಿಲ್ಲ. ನಿಮಗೆ ಹಣದ ಅವಸರ ಇದೆ ಎಂದು ಅವರಿಗೆ ಹೇಳಬೇಕಾಗಿಲ್ಲ. ಅಮ್ಮನ ಕಾಯಿಲೆ ಹೇಳಬೇಕಾಗಿಲ್ಲ. ಎಷ್ಟಕ್ಕೆ ಇಳಿಯಲು ತಯಾರಿದ್ದೀರಿ, ಇದಕ್ಕೆ ಮೊದಲು ಬಂದವರು ಎಷ್ಟು ಕೇಳಿದ್ದರು, ಅಣ್ಣತಮ್ಮಂದಿರ ನಡುವೆ ಪಾಲಿನ ಹೊತ್ತಿಗೆ ಏನೇನು ಮಾತಾಯಿತು, ಯಾವುದೂ ಅವರ ಹಕ್ಕಲ್ಲ. ಪೇಟೆಯ ಧಾರಣೆ ಬದಲಾದ ಸುದ್ದಿ ಗೊತ್ತಿದ್ದ ವ್ಯಾಪಾರಿ ಅದನ್ನು ಎದುರಿನವನಿಗೆ ಹೇಳಬೇಕಾಗಿಲ್ಲ ಎಂದು ಅದೇ 17ನೇ ಸೆಕ್ಷನ್ ಒಪ್ಪುತ್ತದೆ. ಮನೆಯ ಗುಟ್ಟು ಮನೆಯಲ್ಲಿ ಇರಲಿ. ಅದು ಮರ್ಯಾದೆ, ಮುಚ್ಚುಮರೆಯಲ್ಲ. ಸತ್ಯವಂತರಾಗುವ ಹುಮ್ಮಸ್ಸಿನಲ್ಲಿ ಸಿಕ್ಕಿದವರ ಹತ್ತಿರವೆಲ್ಲ ಹೊಟ್ಟೆಯೊಳಗಿನದ್ದನ್ನು ಕಕ್ಕುವವರನ್ನೂ ನೋಡಿದ್ದೇನೆ. ಅವರಿಂದ ಯಾರಿಗೂ ಉಪಕಾರವಾದದ್ದು ಕಾಣೆ.

ನಮ್ಮ ಕಡೆ ಇದು ಹೆಚ್ಚು ಎದುರಾಗುವುದು ಸಂಬಂಧದ ವಿಚಾರಣೆಯಲ್ಲಿ. ತೋಟದ ಮನೆಯ ಹುಡುಗರಿಗೆ ಹೆಣ್ಣು ಸಿಗುವುದೇ ಕಷ್ಟವಾಗಿರುವಾಗ, ಹುಡುಗಿಯ ಅಪ್ಪ ಫೋನ್ ಮಾಡಿ ‘ನಿಮ್ಮ ನೆರೆಕರೆಯ ಹುಡುಗ ಹೇಗೆ?’ ಎಂದರೆ ನಾವು ‘ಮನೆಯವರು ಒಳ್ಳೆಯವರು’ ಎನ್ನುತ್ತೇವೆ. ಕೇಳಿದ್ದು ಹುಡುಗನ ಬಗ್ಗೆ, ಹೇಳಿದ್ದು ಮನೆಯವರ ಬಗ್ಗೆ. ಅವ ರಾತ್ರಿಯಾದರೆ ಕುಡಿದು ಬೀಳುವುದು ನಮಗೆ ಗೊತ್ತು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂಬ ಗಾದೆಯನ್ನು ಅಡ್ಡ ಹಿಡಿಯುತ್ತೇವೆ. ಆ ಗಾದೆ ಹೇಳಿದವರು ಯಾರೂ ಆಮೇಲೆ ನನ್ನ ಕಚೇರಿಯಲ್ಲಿ ಆ ಹುಡುಗಿಯ ಪಕ್ಕ ಬಂದು ಕೂತದ್ದಿಲ್ಲ. ಹಿಂದೂ ವಿವಾಹ ಕಾಯಿದೆಯ 12ನೇ ಸೆಕ್ಷನಿನಂತೆ, ಎದುರು ಪಕ್ಷದ ಬಗ್ಗೆ ಮುಖ್ಯ ಸಂಗತಿಯಲ್ಲಿ ವಂಚಿಸಿ ಒಪ್ಪಿಗೆ ಪಡೆದಿದ್ದರೆ ಮದುವೆಯನ್ನು ರದ್ದು ಮಾಡಿಸಬಹುದು. ಆದರೆ ಅಷ್ಟು ಹೊತ್ತಿಗೆ ಹುಡುಗಿಯ ಎರಡು ವರ್ಷ ಹೋಗಿರುತ್ತದೆ. ಹೇಳಲು ಮನಸ್ಸಿಲ್ಲದಿದ್ದರೆ ‘ಹುಡುಗನ ಬಗ್ಗೆ ನಾನು ಹೇಳುವುದಿಲ್ಲ, ಬೇರೆ ಕಡೆಯೂ ಕೇಳಿ’ ಎನ್ನಬಹುದು. ಹುಡುಗಿಯ ಅಪ್ಪನಿಗೆ ಅಷ್ಟು ಸಾಕು. ಬಾಯಿ ಮುಚ್ಚಿದ ಹಾಗೂ ಆಯಿತು, ಮೋಸ ಮಾಡದ ಹಾಗೂ ಆಯಿತು.

ಇಷ್ಟೆಲ್ಲ ಹೇಳುವ ಧೈರ್ಯ ನನಗೆ ಬಂದದ್ದು ಪುಸ್ತಕದಿಂದಲ್ಲ. ನಾನೇ ಹೀಗೆ ಒಂದು ವಾಕ್ಯ ನುಂಗಿದವಳು. ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿ ಬರೆಯುತ್ತಿದ್ದೇನೆ.

ವಕೀಲಿಕೆಯ ಸನ್ನದು ಸಿಕ್ಕಿ ಎರಡು ವರ್ಷವೂ ಆಗಿರಲಿಲ್ಲ. ಒಂದು ಪಾಲಿನ ವಿಷಯ. ಅಣ್ಣ ನಮ್ಮ ಸೀನಿಯರ ಕಕ್ಷಿ. ತಂಗಿ, ಗಂಡ ತೀರಿಹೋಗಿ ತವರಿಗೆ ಬಂದು ನೆಲೆಸಿದ್ದ ಹೆಂಗಸು, ಅರುವತ್ತು ದಾಟಿತ್ತು. ಆಧಾರ ಮಲಯಾಳದಲ್ಲಿ ಇತ್ತು, ಆರು ಪುಟ. ಅವರು ಪೇಟೆಯಲ್ಲಿ ಮಲಯಾಳ ಮಾತಾಡುತ್ತಿದ್ದರು, ಆದರೆ ಅಕ್ಷರ ಬಾರದು. ಓದುವುದು ಬರೆಯುವುದು ಎಲ್ಲ ಕನ್ನಡ. ನಮ್ಮ ಗಡಿಯಲ್ಲಿ ಇಂಥವರು ಎಷ್ಟೋ ಮಂದಿ. ಸಹಿಗೆ ಮೊದಲು ಕನ್ನಡದಲ್ಲಿ ಹೇಳಲು ನನ್ನನ್ನು ಕಳಿಸಿದ್ದರು.

ಮಳೆಗಾಲ. ಸಬ್ ರಿಜಿಸ್ಟ್ರಾರ್ ಕಚೇರಿಯ ಜಗಲಿ ತುಂಬ ಒದ್ದೆ ಕೊಡೆಗಳು. ಅಣ್ಣ ಹಿಂದೆಯೇ ನಿಂತಿದ್ದರು, ‘ಊಟಕ್ಕೆ ಮುಚ್ಚುವ ಮೊದಲು ಮುಗಿಯಬೇಕು, ಚುಟುಕಿನಲ್ಲಿ ಹೇಳಿ’ ಎಂದರು. ನಾನು ಚುಟುಕಿನಲ್ಲಿ ಹೇಳಿದೆ. ಇದು ಪಾಲಿನ ಕಾಗದ, ನಿಮಗೆ ಇಷ್ಟು ಹಣ, ತೋಟ ಅಣ್ಣನಿಗೆ. ಹೇಳಿದ ಪ್ರತಿಯೊಂದು ಮಾತೂ ನಿಜ. ನಾಲ್ಕನೇ ಪುಟದಲ್ಲಿ, ತರವಾಡು (ಕುಟುಂಬದ ಮೂಲ) ಮನೆಯಲ್ಲಿ ವಾಸ ಮಾಡುವ ಹಕ್ಕನ್ನೂ ಬಿಟ್ಟುಕೊಟ್ಟಿದ್ದಾರೆ ಎಂಬ ಒಂದು ವಾಕ್ಯ ಇತ್ತು. ಅದರ ಮೇಲೆ ನನ್ನ ಕಣ್ಣು ಹೋಯಿತು, ಪುಟ ಮಗುಚಿದೆ.

‘ಅಷ್ಟೇಯಾ ಮಗಳೇ?’ ಎಂದು ಕೇಳಿದರು.

‘ಅಷ್ಟೇ ಅಮ್ಮ’ ಎಂದೆ.

ಅವರು ಕನ್ನಡಕ ಸರಿಮಾಡಿ, ದುಂಡು ಕನ್ನಡ ಅಕ್ಷರದಲ್ಲಿ, ಮನೆ ಹೆಸರು ಸಮೇತ, ನಿಧಾನಕ್ಕೆ ಸಹಿ ಹಾಕಿದರು. ಪ್ರತಿ ಪುಟಕ್ಕೆ. ನಾಲ್ಕನೇ ಪುಟಕ್ಕೂ.

ನಾಲ್ಕು ವರ್ಷದ ನಂತರ ಅಣ್ಣ ತೀರಿಹೋದರು. ಅಣ್ಣನ ಮಕ್ಕಳು ಮನೆ ಬಿಡಬೇಕೆಂದರು. ಆಧಾರದ ನಕಲು ಹಿಡಿದು ಆ ತಂಗಿ ನನ್ನಲ್ಲಿಗೇ ಬಂದರು, ಕನ್ನಡ ಬರುವ ವಕೀಲಳೆಂದು. ‘ಅದು ಎಲ್ಲಿ ಬರೆದಿದೆ ತೋರಿಸು ಮಗಳೇ’ ಎಂದರು. ತೋರಿಸಿದೆ. ಅವರು ಆ ಸಾಲಿನ ಮೇಲೆ ಬೆರಳಿಟ್ಟು, ತಮಗೆ ಓದಲು ಬಾರದ ಅಕ್ಷರಗಳನ್ನು ತುಂಬ ಹೊತ್ತು ನೋಡಿದರು. ಆ ದಿನ ಇದನ್ನು ನಾನು ಹೇಳದೆ ಬಿಟ್ಟೆ ಎಂದು ಒಪ್ಪಿಕೊಂಡೆ. ಅವರು ಬೈಯಲಿಲ್ಲ. ‘ನೀನು ಹೇಳಿದ್ದರೂ ಸಹಿ ಹಾಕುತ್ತಿದ್ದೆನೋ ಏನೋ, ಅಣ್ಣ ಅಲ್ವಾ. ಆದರೆ ಗೊತ್ತಿದ್ದು ಹಾಕುತ್ತಿದ್ದೆ’ ಎಂದರು. ಅಕ್ಷರ ಬಾರದವರಿಂದ ಸಹಿ ಪಡೆದರೆ, ಅವರಿಗೆ ಒಳಗಿನದ್ದು ಅರ್ಥವಾಗಿತ್ತೆಂದು ಸಾಬೀತು ಮಾಡುವ ಭಾರವನ್ನು ಲಾಭ ಪಡೆದವರ ಮೇಲೆಯೇ ನಮ್ಮ ಕೋರ್ಟುಗಳು ಹಾಕಿದ್ದುಂಟು, ಕೇಸು ಹಾಕೋಣ, ಸಾಕ್ಷಿ ಹೇಳಲು ನಾನೇ ಬರುತ್ತೇನೆ ಎಂದೆ. ಅವರಿಗೆ ಬೇಡವಾಯಿತು. ಪುತ್ತೂರು ಕಡೆ ತಮ್ಮ ತಂಗಿಯ ಮಗಳ ಮನೆಗೆ ಹೋದರು. ಆಮೇಲೆ ನಾನು ಓದಿಹೇಳಿದ ಯಾವ ಆಧಾರದಲ್ಲಿಯೂ ಒಂದು ಸಾಲು ಬಿಟ್ಟಿಲ್ಲ. ಆದರೆ ಅದರಿಂದ ಅವರಿಗೇನು ಬಂತು?

ನಾನು ಅಲ್ಲಿ ಕಲಿತದ್ದು ಇದು. ವಾಕ್ಯ ನುಂಗಿದಾಗ ನಾನು ಅವರಿಂದ ಕಿತ್ತುಕೊಂಡದ್ದು ಬರೀ ಮಾಹಿತಿಯನ್ನಲ್ಲ, ‘ಗೊತ್ತಿದ್ದು ಸಹಿ ಹಾಕುವ’ ಅವಕಾಶವನ್ನು. ತೀರ್ಮಾನ ಅವರದ್ದಾಗಬೇಕಿತ್ತು. ಅದನ್ನು ನಾನೂ ಅವರ ಅಣ್ಣನೂ ಮಾಡಿ, ಅವರ ಕೈಯಿಂದ ಬರೀ ಅಕ್ಷರ ಬರೆಸಿದೆವು.

ಇದಕ್ಕೆ ಪೂರ್ತಿ ವ್ಯತಿರಿಕ್ತವಾಗಿ, ಏನನ್ನೂ ಬಿಡದೆ ಹೇಳಿಯೂ ಸುಳ್ಳಾಡಬಹುದು. ನಮ್ಮೂರ ತಾಳಮದ್ದಳೆಗಳಲ್ಲಿ ಬೆಳಗಿನ ಜಾವ ಧರ್ಮರಾಯನ ಅರ್ಥ, ಅಂದರೆ ಆ ಪಾತ್ರದ ಮಾತು, ಕೇಳಿದವರಿಗೆ ಇದು ಹೊಸತಲ್ಲ. ಭೀಮ ಅಶ್ವತ್ಥಾಮ ಎಂಬ ಆನೆಯನ್ನು ಕೊಂದ. ದ್ರೋಣ ಭೀಮನ ಮಾತು ನಂಬದೆ ಧರ್ಮರಾಯನನ್ನೇ ಕೇಳಿದ. ‘ಅಶ್ವತ್ಥಾಮ ಹತನಾದ’ ಎಂಬುದು ಗಟ್ಟಿಯಾಗಿ ಬಂತು, ‘ಆನೆ’ ಎಂಬುದು ಕೇಳದ ಹಾಗೆ ಬಂತು. ವಾಕ್ಯ ಪೂರ್ತಿ ಇತ್ತು, ಒಂದಕ್ಷರ ಬಿಟ್ಟಿರಲಿಲ್ಲ. ಆದರೂ ನೆಲದಿಂದ ನಾಲ್ಕು ಬೆರಳು ಮೇಲೆ ಓಡುತ್ತಿದ್ದ ಅವನ ರಥ ಆವತ್ತು ನೆಲ ಮುಟ್ಟಿತು. ಕೆಲವು ಅರ್ಥಧಾರಿಗಳು ಧರ್ಮರಾಯನನ್ನು ಸಮರ್ಥಿಸಲು ತುಂಬ ಪಾಂಡಿತ್ಯ ಸುರಿಯುತ್ತಾರೆ. ನನಗೆ ಮಾತ್ರ ಮಗ ಸತ್ತನೆಂದು ಬಿಲ್ಲು ಕೆಳಗಿಟ್ಟ ಆ ಮುದುಕನೇ ಕಣ್ಣಿಗೆ ಕಟ್ಟುತ್ತಾನೆ. ಯಾರ ಮಾತಿನ ಮೇಲೆ ಅಷ್ಟು ಭರವಸೆ ಇತ್ತೋ, ಅವನ ಬಾಯಿಂದಲೇ ಬಂತಲ್ಲ.

ಈಗ ಅಮ್ಮನ ವಿಷಯ. ಜಾಗದ ವಿಷಯದಲ್ಲಿ ನೀವು ಮೌನವಾದರೂ ಇದ್ದಿರಿ. ಇಲ್ಲಿ ನೇರವಾಗಿ ‘ಗ್ಯಾಸ್ಟ್ರಿಕ್’ ಎಂದು ಹೇಳಿದ್ದೀರಿ. ಇದು ಹೇಳದೆ ಬಿಟ್ಟದ್ದಲ್ಲ, ಹೇಳಿದ ಸುಳ್ಳು. ಪ್ರೀತಿಯಿಂದ ಹೇಳಿದ್ದು ಎಂಬುದರಲ್ಲಿ ನನಗೆ ಸಂಶಯ ಇಲ್ಲ. ಜಾಗದ ಮೌನದಿಂದ ಲಾಭ ನಿಮಗೆ, ಈ ಮಾತಿನಿಂದ ನೆಮ್ಮದಿ ಅಮ್ಮನಿಗೆ ಎಂದು ನೀವು ಲೆಕ್ಕ ಹಾಕಿದ್ದೀರಿ. ಅರ್ಧ ಸರಿ. ಇನ್ನರ್ಧ ನೆಮ್ಮದಿ ನಿಮ್ಮದೇ: ಅಮ್ಮ ಅಳುವುದನ್ನು ನೀವು ನೋಡಬೇಕಾಗಿಲ್ಲ.

ಇಂಥ ಹೊತ್ತಿನಲ್ಲಿ ಎಲ್ಲರೂ ಮನುಸ್ಮೃತಿಯ ಒಂದು ಮಾತು ತರುತ್ತಾರೆ, ‘ನ ಬ್ರೂಯಾತ್ ಸತ್ಯಮಪ್ರಿಯಂ’, ಅಪ್ರಿಯವಾದ ಸತ್ಯ ಹೇಳಬೇಡ. ಅಲ್ಲಿಗೆ ನಿಲ್ಲಿಸುತ್ತಾರೆ. ಅದೇ ಶ್ಲೋಕದ ಮುಂದಿನ ಮಾತು ‘ಪ್ರಿಯಂ ಚ ನಾನೃತಂ ಬ್ರೂಯಾತ್’, ಪ್ರಿಯವೆಂದು ಸುಳ್ಳನ್ನೂ ಹೇಳಬೇಡ. ಕಷ್ಟದ ಸತ್ಯಕ್ಕೆ ಹೊತ್ತು ಕಾಯಬಹುದು. ಆ ಜಾಗದಲ್ಲಿ ಗ್ಯಾಸ್ಟ್ರಿಕ್ ತಂದಿಡಲು ಅಪ್ಪಣೆ ಇಲ್ಲ.

ವೈದ್ಯರಿಗೂ ಇದು ಬಿಡಿಸಲಾಗದ ಗಂಟೇ. 2002ರ ವೈದ್ಯಕೀಯ ನೀತಿ ನಿಯಮಗಳು ಕಾಯಿಲೆಯ ಗಂಭೀರತೆಯನ್ನು ಹೆಚ್ಚಿಸಿಯೂ ಹೇಳಬಾರದು, ತಗ್ಗಿಸಿಯೂ ಹೇಳಬಾರದು ಎನ್ನುತ್ತವೆ. ಆದರೆ ತಿಳಿದಿರಬೇಕಾದವರು ‘ರೋಗಿ, ಅವರ ಸಂಬಂಧಿಕರು ಅಥವಾ ಹೊಣೆಯುಳ್ಳ ಸ್ನೇಹಿತರು’ ಎಂದು ಸಡಿಲ ಬಿಟ್ಟಿವೆ. ಆ ಸಡಿಲದಲ್ಲಿಯೇ ನಮ್ಮ ಮನೆಗಳು ಅಮ್ಮಂದಿರನ್ನು ಹೊರಗಿಟ್ಟು ಮಾತಾಡಿಕೊಳ್ಳುತ್ತವೆ. ಚಿಕಿತ್ಸೆಯ ಒಪ್ಪಿಗೆ ಮಾತ್ರ ಬೇರೆ. ಸ್ವಂತ ತೀರ್ಮಾನ ಮಾಡಬಲ್ಲ ಪ್ರಾಪ್ತ ವಯಸ್ಕರ ಒಪ್ಪಿಗೆಯ ಬದಲು ಮನೆಯವರ ಸಹಿ ನಡೆಯುವುದಿಲ್ಲ ಎಂದು 2008ರಲ್ಲಿ ಸುಪ್ರೀಂ ಕೋರ್ಟು ಒಂದು ಪ್ರಕರಣದಲ್ಲಿ ಹೇಳಿದೆ. ನಾಳೆ ಅಮ್ಮನಿಗೆ ಕೀಮೋ ಕೊಡಬೇಕಾದರೆ ಅವರು ಯಾವುದಕ್ಕೆ ಒಪ್ಪಿ ಸಹಿ ಹಾಕುತ್ತಾರೆ? ಗ್ಯಾಸ್ಟ್ರಿಕ್ಕಿಗೋ? ನಾಲ್ಕನೇ ಪುಟ ನನಗೆ ಮತ್ತೆ ನೆನಪಾಗುತ್ತದೆ.

ಮತ್ತೆ, ಇದು ಮುಚ್ಚಿಡಲಾಗುವ ವಿಷಯವೂ ಅಲ್ಲ. ಕೂದಲು ಉದುರುತ್ತದೆ. ನೋಡಲು ಬಂದವರು ಅಡುಗೆ ಮನೆಯಲ್ಲಿ ಪಿಸುಗುಟ್ಟುತ್ತಾರೆ. ಕೇರಳದಲ್ಲಿ 2008ರಿಂದಲೇ ಸರಕಾರದ ಪಾಲಿಯೇಟಿವ್ (ನೋವು ತಗ್ಗಿಸುವ ಆರೈಕೆಯ) ನೀತಿ ಇದೆ, ಪಂಚಾಯತಿನ ಪಾಲಿಯೇಟಿವ್ ನರ್ಸ್ ಮನೆಗೇ ಬರುತ್ತಾರೆ. ಅದು ಈ ರಾಜ್ಯದಲ್ಲಿ ನಮಗೆ ಸಿಕ್ಕ ದೊಡ್ಡ ಉಪಕಾರ. ಆದರೆ ಆ ಹೆಸರು ಬರೆದ ಗಾಡಿ ಅಂಗಳಕ್ಕೆ ಬಂದು ನಿಂತ ದಿನ ಅಮ್ಮನಿಗೆ ಗೊತ್ತಾಗುತ್ತದೆ, ತನ್ನ ಮಗನಿಗೆ ಮೊದಲೇ ಗೊತ್ತಿತ್ತೆಂಬುದೂ ಸೇರಿ.

ಹಾಗೆಂದು ಇವತ್ತೇ ಹೋಗಿ ರಿಪೋರ್ಟು ಓದಿಹೇಳಿ ಎನ್ನುವುದಿಲ್ಲ. ಮೊದಲು ಅಮ್ಮನನ್ನೇ ಕೇಳಿ. ನೆಂಟರು ಯಾರೂ ಇಲ್ಲದ ಒಂದು ಮಧ್ಯಾಹ್ನ, ಹೆಂಡತಿಯನ್ನೂ ಕೂರಿಸಿಕೊಂಡು, ‘ಅಮ್ಮಾ, ಡಾಕ್ಟ್ರು ಹೇಳಿದ್ದೆಲ್ಲ ನಿಮಗೆ ಗೊತ್ತಾಗಬೇಕಾ, ಇಲ್ಲ ನಾವೇ ನೋಡಿಕೊಂಡರೆ ಸಾಕಾ?’ ಎಂದು. ‘ನೀವೇ ನೋಡಿಕೊಳ್ಳಿ, ನನಗೆ ಬೇಡ’ ಎಂದರೆ ಅದು ಅವರೇ ಕೊಟ್ಟ ಅನುಮತಿ, ಆಮೇಲಿನ ನಿಮ್ಮ ಮೌನ ಸುಳ್ಳಲ್ಲ. ‘ಏನಾಗಿದೆ ಹೇಳು’ ಎಂದರೆ ಹೇಳಿ. ಒಂದೇ ಸಲ ಎಲ್ಲ ಬೇಡ, ಅವರು ಕೇಳಿದಷ್ಟು. ಆದರೆ ಹೇಳಿದ್ದು ನಿಜವೇ ಆಗಿರಲಿ. ಗ್ಯಾಸ್ಟ್ರಿಕ್ ಎಂದದ್ದು ತಪ್ಪಾಯಿತು ಎಂಬುದನ್ನೂ ಹೇಳಿ. ಇಷ್ಟು ವರ್ಷ ಸಂಸಾರ ತೂಗಿಸಿದ ಹೆಂಗಸಿಗೆ, ತಂಗಿಯನ್ನು ನೋಡಬೇಕೆಂದೋ, ದೇವಸ್ಥಾನಕ್ಕೆ ಹೋಗಬೇಕೆಂದೋ, ಬಳೆ ಯಾರಿಗೆ ಎಂದೋ ತೀರ್ಮಾನಿಸುವುದು ಇರಬಹುದು.

ಜಾಗದ ವಿಷಯಕ್ಕೆ ಜನವರಿಯವರೆಗೆ ಕಾಯಬೇಡಿ. ಈ ವಾರವೇ ಅವರಿಗೆ ಫೋನ್ ಮಾಡಿ. ‘ಆವತ್ತು ನೀವು ನೀರಿನ ಬಗ್ಗೆ ಹೇಳಿದಾಗ ನಾನು ಸುಮ್ಮನಿದ್ದೆ, ಹಾಗಿರಬಾರದಿತ್ತು’ ಎಂದೇ ಸುರು ಮಾಡಿ. ನೀರು ಯಾವಾಗ ಕಡಿಮೆಯಾಗುತ್ತದೆ, ಯಾವಾಗ ಪೂರ್ತಿ ನಿಲ್ಲುತ್ತದೆ, ಕಳೆದ ಬೇಸಿಗೆಯಲ್ಲಿ ಎಷ್ಟು ಟ್ಯಾಂಕರ್ ಬಂತು, ಎಷ್ಟು ಖರ್ಚಾಯಿತು, ಲೆಕ್ಕ ಇದ್ದರೆ ಅದನ್ನೂ ಕೊಡಿ. ಅವರು ಬೆಲೆ ಇಳಿಸಲು ಕೇಳಬಹುದು, ಕೊಳವೆ ಬಾವಿಯ ಖರ್ಚಿನಷ್ಟು ಇಳಿಸುವುದು ನ್ಯಾಯವೇ. ವ್ಯಾಪಾರ ಬೇಡ ಎಂದರೆ ಎಡ್ವಾನ್ಸ್ ಹಿಂದೆ ಕೊಡಬೇಕಾಗುತ್ತದೆ. ಅಮ್ಮನ ಚಿಕಿತ್ಸೆಯ ಹೊತ್ತಿನಲ್ಲಿ ಅದು ಎಷ್ಟು ಕಷ್ಟ ಎಂದು ನನಗೆ ಗೊತ್ತು. ಆದರೂ ಬರುವ ಏಪ್ರಿಲಿನಲ್ಲಿ ಬತ್ತಿದ ಸುರಂಗದ ಎದುರು ನಿಂತು ಅವರು ನಿಮಗೆ ಫೋನ್ ಮಾಡುವುದಕ್ಕಿಂತ, ಈಗ ನೀವೇ ಮಾಡುವುದು ಕಡಿಮೆ ಕಷ್ಟ.

ಅವರು ಒಪ್ಪಿದರೆ ಬಾಯಿಮಾತಿಗೆ ಬಿಡಬೇಡಿ. ‘ಈ ಜಾಗದ ಸುರಂಗದ ನೀರು ಮಾರ್ಚ್ ಕೊನೆಯಿಂದ ಮಳೆ ಹಿಡಿಯುವವರೆಗೆ ಬತ್ತುತ್ತದೆ ಎಂಬುದನ್ನು ಮಾರುವವರು ತಿಳಿಸಿದ್ದಾರೆ, ಕೊಳ್ಳುವವರು ಅದನ್ನು ತಿಳಿದೇ ಒಪ್ಪಿದ್ದಾರೆ’ ಎಂದು ಕರಾರಿನಲ್ಲಿ ಒಂದು ಸಾಲು ಸೇರಿಸಿ. ಕರಾರು ಮಲಯಾಳದಲ್ಲಿ ಇದ್ದು ನಿಮಗೆ ಓದಲು ಬಾರದಿದ್ದರೆ, ಬರುವವರೊಬ್ಬರನ್ನು ಕರೆದುಕೊಂಡು ಹೋಗಿ, ಮೊದಲ ಪುಟದಿಂದ ಕೊನೆಯವರೆಗೆ ಇಬ್ಬರ ಎದುರೂ ಓದಿಸಿ. ಎಷ್ಟು ಹೊತ್ತಾದರೂ ಆಗಲಿ. ನೀರಿನ ಸಾಲು ಬಂದಾಗ ಓದುವವರ ಸ್ವರ ತಗ್ಗದಂತೆ ನೋಡಿಕೊಳ್ಳಿ.